ಬೌಡಿಕಾಳ ಹೆಣ್ಣುಮಕ್ಕಳ ಹೆಸರೇನು?

ಬೌಡಿಕಾಳ ಕತೆ ಓದಿದಾಗಲೆಲ್ಲ ನನಗೆ ಮೊದಲು ಸಿಟ್ಟು ಬರುವುದು ರೋಮನ್ನರ ಮೇಲೆ. ಆಮೇಲೆ ಅವಳ ಬಗ್ಗೆ ಬರೆದವರ ಮೇಲೆ.

ಇಂಗ್ಲೆಂಡಿನ ಪೂರ್ವಕ್ಕೆ, ಈಗಿನ ನಾರ್ಫೋಕ್ ಕಡೆ, ಐಸೀನಿ ಜನರ ರಾಜ ಪ್ರಸುಟಾಗಸ್ ತೀರಿಕೊಂಡ. ಗಂಡುಮಕ್ಕಳಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳ ಜೊತೆಗೆ ರೋಮಿನ ಚಕ್ರವರ್ತಿ ನೀರೋನನ್ನೂ ವಾರಸುದಾರನನ್ನಾಗಿ ಮಾಡಿದ್ದ, ಹಾಗಾದರೂ ಮನೆಯವರಿಗೆ ಒಂದಿಷ್ಟು ಉಳಿದೀತು ಅಂತ. ಏನೂ ಉಳಿಯಲಿಲ್ಲ. ರೋಮನ್ನರು ಅರಮನೆ ದೋಚಿದರು, ರಾಣಿ ಬೌಡಿಕಾಗೆ ಚಾಟಿಯಲ್ಲಿ ಹೊಡೆದರು, ಅವಳ ಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. ಕ್ರಿ.ಶ. 60-61ರಲ್ಲಿ ಅವಳು ದಂಡು ಕಟ್ಟಿ ಈಗಿನ ಕೋಲ್ಚೆಸ್ಟರ್, ಲಂಡನ್, ಸೇಂಟ್ ಆಲ್ಬನ್ಸ್ ಮೂರನ್ನೂ ಸುಟ್ಟಳು. ಕೊನೆಯ ಕಾಳಗದಲ್ಲಿ ಸೋತಳು.

ಇಷ್ಟನ್ನು ಹೇಳಿದವನು ರೋಮಿನ ಇತಿಹಾಸಕಾರ ಟ್ಯಾಸಿಟಸ್. ಅವನ ಮಾವ ಅಗ್ರಿಕೋಲ ಆ ಹೊತ್ತಿಗೆ ಬ್ರಿಟನ್ನಿನ ಸೈನ್ಯದಲ್ಲೇ ಇದ್ದವನು, ಮನೆಯಲ್ಲೇ ಕೇಳಿದ ಸುದ್ದಿಯೂ ಇದರಲ್ಲಿ ಇದ್ದೀತು. ತಪ್ಪು ತನ್ನ ಕಡೆಯ ಅಧಿಕಾರಿಗಳದ್ದೇ ಅಂತ ಅವನು ಮುಚ್ಚಿಡದೆ ಬರೆದ, ಆ ಗೌರವ ಅವನಿಗೆ ಸಲ್ಲಬೇಕು. ಮಕ್ಕಳನ್ನು ಮುಂದೆ ಕೂರಿಸಿಕೊಂಡು ರಥದಲ್ಲಿ ಓಡಾಡುತ್ತಾ, ನಾನು ರಾಣಿಯಾಗಿ ಬಂದಿಲ್ಲ, ನಿಮ್ಮಲ್ಲೊಬ್ಬಳಾಗಿ ಬಂದಿದ್ದೇನೆ ಅಂತ ಅವಳು ಹೇಳುವ ಮಾತು ಎದೆಗೆ ತಾಗುತ್ತದೆ. ಆದರೆ ಆ ಮಾತು ಬರೆದವನು ಅವನೇ ಅಲ್ವಾ? ಅವಳು ಸತ್ತು 50 ವರ್ಷ ಕಳೆದಮೇಲೆ, ಲ್ಯಾಟಿನ್ನಿನಲ್ಲಿ. ಅವಳ ಕಡೆಯವರು ಬರೆದದ್ದು ಒಂದು ಸಾಲೂ ಉಳಿದಿಲ್ಲ.

ಇನ್ನೊಬ್ಬ ಇತಿಹಾಸಕಾರ ಕ್ಯಾಸಿಯಸ್ ಡಿಯೋ. ದಂಗೆಯಾಗಿ ಸುಮಾರು 150 ವರ್ಷಕ್ಕೆ ಗ್ರೀಕಿನಲ್ಲಿ ಬರೆದ. ಈ ಭಾಗ ನಮಗೆ ಸಿಕ್ಕಿರುವುದು 11ನೇ ಶತಮಾನದ ಸಂನ್ಯಾಸಿಯೊಬ್ಬ ಮಾಡಿದ ಸಂಕ್ಷೇಪದಲ್ಲಿ ಮಾತ್ರ. ಅದರಲ್ಲಿ ಚಾಟಿ ಏಟಿಲ್ಲ, ಆ ಹುಡುಗಿಯರ ಮೇಲಾದ ಅತ್ಯಾಚಾರವೂ ಇಲ್ಲ. ಇರುವುದು ಸಾಲದ ಲೆಕ್ಕ: ತತ್ವಜ್ಞಾನಿ ಸೆನೆಕ ಬ್ರಿಟನ್ನರಿಗೆ ಕೊಟ್ಟ 4 ಕೋಟಿ ಸೆಸ್ಟರ್ಸ್ ನಾಣ್ಯವನ್ನು ಒಮ್ಮೆಲೇ ವಾಪಸ್ ಕೇಳಿದ್ದು. ಜೊತೆಗೆ ಅವಳ ರೂಪ. ತುಂಬಾ ಎತ್ತರ, ಉರಿಗಣ್ಣು, ಗಡಸು ದನಿ, ಸೊಂಟದವರೆಗೆ ಇಳಿಬಿದ್ದ ಕೆಂಚುಕೂದಲು, ಕುತ್ತಿಗೆಗೆ ದೊಡ್ಡ ಚಿನ್ನದ ಕಂಠಿ. ಇವತ್ತಿಗೂ ಚಿತ್ರ ಬಿಡಿಸುವವರು ಬಿಡಿಸುವುದು ಈ ಕೂದಲನ್ನೇ. ಅವಳ ಸಾವಿನಲ್ಲೂ ಇಬ್ಬರದು ಬೇರೆ ಬೇರೆ ಮಾತು. ವಿಷ ಕುಡಿದಳು ಅಂತ ಟ್ಯಾಸಿಟಸ್, ಕಾಯಿಲೆ ಬಿದ್ದಳು ಅಂತ ಡಿಯೋ.

6ನೇ ಶತಮಾನದಲ್ಲಿ ಗಿಲ್ಡಾಸ್ ಅನ್ನುವ ಬ್ರಿಟನ್ನಿನದೇ ಸಂನ್ಯಾಸಿ, ಹೆಸರು ಕೂಡ ಹೇಳದೆ, ಮೋಸಗಾರ ಸಿಂಹಿಣಿ ಅಂತ ಬರೆದ. ಅದು ಇವಳೇ ಅಂತ ಬಹಳ ಜನ ಓದುತ್ತಾರೆ. ಅವಳ ನೆಲದವನೇ ಹೀಗೆ ಬರೆದನಲ್ಲ ಅಂತ ನನಗೆ ಅದು ಜಾಸ್ತಿ ನೋವು ಕೊಟ್ಟಿತು.

ಆಮೇಲೆ ಬ್ರಿಟಿಷರು ತಾವೇ ಸಾಮ್ರಾಜ್ಯ ಕಟ್ಟಿದರು, ಅವಳು ಬೇಕಾದಳು. 1782ರಲ್ಲಿ ಕವಿ ಕೂಪರ್, ಸೀಸರ್ ಕಾಣದ ನಾಡುಗಳನ್ನೂ ನಿನ್ನ ಸಂತತಿ ಆಳುತ್ತದೆ ಅಂತ ಅವಳಿಗೆ ಹೇಳುವ ಪದ್ಯ ಪ್ರಕಟಿಸಿದ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆ ಪಕ್ಕ 1902ರಲ್ಲಿ ನಿಲ್ಲಿಸಿದ ಅವಳ ಪ್ರತಿಮೆಯ ಕೆಳಗೆ ಅದೇ ಸಾಲು ಕೆತ್ತಿದ್ದಾರೆ. ಆ ನಾಡುಗಳಲ್ಲಿ ನಮ್ಮ ಕಿತ್ತೂರೂ ಒಂದು. ಅಲ್ಲಿ 1824ರಲ್ಲಿ ದತ್ತುಮಗನ ಹಕ್ಕನ್ನು ಒಪ್ಪದೆ ರಾಜ್ಯ ಕಿತ್ತುಕೊಳ್ಳಲು ಬಂದದ್ದು ಈ ಸಂತತಿಯೇ.

ಪ್ರತಿಮೆಯ ರಥದ ಚಕ್ರಗಳಿಗೆ ಕುಡುಗೋಲಿನಂಥ ಅಲಗುಗಳಿವೆ, ಟ್ಯಾಸಿಟಸ್ ಆಗಲಿ ಡಿಯೋ ಆಗಲಿ ಅವಳ ರಥಕ್ಕೆ ಅಂಥದ್ದಿತ್ತು ಅಂತ ಹೇಳಿಲ್ಲ. ರಥದಲ್ಲಿ ಅವಳ ಹಿಂದೆ ಇಬ್ಬರು ಹುಡುಗಿಯರಿದ್ದಾರೆ. ಸೆನೆಕನ ಸಾಲ ಎಷ್ಟು ಅಂತ ಬರೆದಿಟ್ಟರು, ರಾಣಿಯ ಕೂದಲು ಎಲ್ಲಿಯವರೆಗೆ ಅಂತ ಬರೆದಿಟ್ಟರು. ಆ ಇಬ್ಬರ ಹೆಸರು ಟ್ಯಾಸಿಟಸ್‌ನಲ್ಲೂ ಇಲ್ಲ, ಡಿಯೋನಲ್ಲೂ ಇಲ್ಲ.