ಫೋನಿನಲ್ಲಿ ಎಂಟು ಸಾಲಾಗುವ ಷಟ್ಪದಿ

ಭಾಮಿನಿ ಷಟ್ಪದಿಯ ಕಾವ್ಯವನ್ನು ಇ-ಪುಸ್ತಕವಾಗಿಸಲು ಕೂತವರಿಗೆ ಮೊದಲ ತಕರಾರು ಎದುರಾಗುವುದು ಮೂರನೆಯ ಸಾಲಿನಲ್ಲಿ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ತಲಾ 14 ಮಾತ್ರೆಗಳಾದರೆ, ಮೂರನೆಯದಕ್ಕೂ ಆರನೆಯದಕ್ಕೂ 23. ಟ್ಯಾಬ್ಲೆಟ್‌ನಲ್ಲಿ ಲಕ್ಷಣವಾಗಿ ನಿಂತ ಪದ್ಯ, ಫೋನಿನಲ್ಲಿ ಅಕ್ಷರದ ಗಾತ್ರವನ್ನು ತುಸು ಹಿಗ್ಗಿಸಿದೊಡನೆ, ಆ ಎರಡು ಸಾಲುಗಳು ಮುರಿದು ಎಂಟು ಸಾಲಿನದಾಗುತ್ತದೆ. ಮುರಿದ ತುಂಡು ಎಡ ಅಂಚಿಗೇ ಬಂದು ಕೂರುವುದರಿಂದ, ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸವನ್ನು ಹುಡುಕುವ ಕಣ್ಣು ಅಲ್ಲಿ ಎಡವುತ್ತದೆ.

ಇದಕ್ಕೆ ಮದ್ದಿಲ್ಲವೆಂದಲ್ಲ. ಇ-ಪುಸ್ತಕದ ಒಂದು ರೂಪವಾದ ಇಪಬ್ ಕಡತವೆಂದರೆ ಒಳಗೆ ಜಾಲಪುಟದಂತೆಯೇ ಪಠ್ಯದ ರಚನೆಯನ್ನೂ ನೋಟವನ್ನೂ ತಿಳಿಸುವ ಎಕ್ಸ್‌ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್; ಮುರಿದ ತುಂಡು ಒಳಸರಿದು ನಿಲ್ಲುವಂತೆ ಅಲ್ಲಿ ಬರೆದಿಡಬಹುದು. ಆದರೆ ಓದುವ ಆ್ಯಪ್ ಅದನ್ನು ಪಾಲಿಸಲೇಬೇಕೆಂದಿಲ್ಲ. ಓದುಗರು ತಮ್ಮ ಫಾಂಟು, ತಮ್ಮ ಅಂಚು ಆರಿಸಿಕೊಂಡಾಗ ಕೆಲವು ಆ್ಯಪ್‌ಗಳು ನಮ್ಮ ಸೂಚನೆಗಳನ್ನು ಬದಿಗಿಟ್ಟು, ಪದ್ಯವನ್ನೂ ಗದ್ಯದಂತೆ ಎರಡೂ ಅಂಚಿಗೆ ಎಳೆದು ಕೂರಿಸುತ್ತವೆ. 2023ರಲ್ಲಿ ಜಾಲದ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯು3ಸಿ ಇಪಬ್ 3.3 ಆವೃತ್ತಿಯನ್ನು ಶಿಫಾರಸಾಗಿ ಪ್ರಕಟಿಸಿದ ಮೇಲೂ ಈ ಸ್ವಾತಂತ್ರ್ಯ ಆ್ಯಪ್‌ಗಳ ಕೈಯಲ್ಲೇ ಉಳಿದಿದೆ. ಕಣ್ಣು ಮಂಜಾದವರು ಅಕ್ಷರವನ್ನು ಹಿಗ್ಗಿಸಿ ಓದಬೇಕಲ್ಲ, ಆದ್ದರಿಂದ ಅದು ಹಾಗಿರುವುದೇ ಸರಿ ಎನ್ನುವವನು ನಾನು.

ಕನ್ನಡದ ಪಾಡು ಇಷ್ಟಕ್ಕೇ ಮುಗಿಯುವುದಿಲ್ಲ. ‘ರಾಷ್ಟ್ರ’ದಂಥ ಪದದಲ್ಲಿ ಎರಡು ಒತ್ತುಗಳು ಕೆಳಗಿಳಿದು, ಸಾಲುಗಳ ನಡುವಿನ ಅಂತರ ಕಡಿಮೆಯಿದ್ದರೆ ಮುಂದಿನ ಸಾಲಿನ ಗುಡಿಸಿಗೆ ತಾಗುತ್ತವೆ. ಕಡತ ಹಗುರವಾಗಲೆಂದು ಬೇಡದ ಅಕ್ಷರಗಳನ್ನು ತೆಗೆದು ಫಾಂಟನ್ನು ಕತ್ತರಿಸುವಾಗ ಒತ್ತಕ್ಷರ ಜೋಡಿಸುವ ಕೋಷ್ಟಕವೂ ಹೋಯಿತೆಂದರೆ, ಒತ್ತು ಕೂಡಿಕೊಳ್ಳದೆ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಪರಿವರ್ತಕ ತಂತ್ರಾಂಶವು ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆಯನ್ನು ಕಸವೆಂದು ಗುಡಿಸಿಬಿಟ್ಟರಂತೂ ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುತ್ತದೆ.

ಸಾಲು ಕದಲದ ಪಿಡಿಎಫ್ ಕೊಟ್ಟುಬಿಡಿ ಎನ್ನುವವರು ಆರಿಂಚಿನ ಇ-ಇಂಕ್ ಪರದೆಯಲ್ಲಿ ಅಚ್ಚಿನ ಪುಸ್ತಕದ ಡೆಮಿ ಗಾತ್ರದ ಪುಟವನ್ನು ಹಿಗ್ಗಿಸಿ, ಅತ್ತಿತ್ತ ಸರಿಸಿ, ಒಂದು ಅಧ್ಯಾಯ ಓದಿ ನೋಡಲಿ.

ಎಲ್ಲ ಕಡೆ ಒಂದೇ ರೂಪ ಬರಬೇಕೆಂಬ ಹಟವನ್ನು ನಾನು ಕೈಬಿಟ್ಟಿದ್ದೇನೆ. ಅಳತೆಗಳನ್ನೆಲ್ಲ ಅಕ್ಷರದ ಗಾತ್ರಕ್ಕೆ ಹೊಂದಿಸಿ ಕೊಡುವುದು, ಒಂದೊಂದು ಸಾಲನ್ನೂ ಬೇರೆಯೇ ಘಟಕವಾಗಿ ಗುರುತಿಸುವುದು, ಫೋನಿನಲ್ಲಿ ಅತಿ ದೊಡ್ಡ ಅಕ್ಷರವಿಟ್ಟು ಮೊದಲು ಪರೀಕ್ಷಿಸುವುದು: ಇಷ್ಟನ್ನು ಮಾತ್ರ ತಪ್ಪಿಸುವುದಿಲ್ಲ. ಪುಟಸಂಖ್ಯೆ ಸಾಧನದಿಂದ ಸಾಧನಕ್ಕೆ ಬದಲಾಗುವಾಗ ಕಾದಂಬರಿಯ ಓದುಗರು ಒಂದು ಮಾತನ್ನು ಉಲ್ಲೇಖಿಸಲು ಪರದಾಡಬೇಕು. ಷಟ್ಪದಿಯ ಓದುಗರಿಗೆ ಸಂಧಿಯ (ಕಾವ್ಯದ ಅಧ್ಯಾಯದ) ಮತ್ತು ಪದ್ಯದ ಸಂಖ್ಯೆ ಸಾಕು.