ಬಾಗಿಲ ಹಿಂದಿನ ಜರ್ಕಿನ್

"ಅಮ್ಮ, ಅದಕ್ಕೆ ಮುಖ ಇಲ್ಲ."

ಲೈಟ್ ಆರಿಸಿ ಎರಡು ನಿಮಿಷ ಆಗಿತ್ತಷ್ಟೆ. ನಾಲ್ಕು ವರ್ಷದ ಮಗಳು ನನ್ನ ತೋಳು ಬಿಗಿಯಾಗಿ ಹಿಡಿದು ಬಾಗಿಲ ಕಡೆ ನೋಡುತ್ತಿದ್ದಳು. ಅದರ ಹಿಂದಿನ ಮೊಳೆಯಲ್ಲಿ ನನ್ನ ಜರ್ಕಿನ್ ನೇತಾಡುತ್ತಿತ್ತು. ಟೋಪಿ ಮುಂದಕ್ಕೆ ಬಾಗಿತ್ತು, ಒಳಗೆ ಬರೀ ಕತ್ತಲೆ. ತೋಳುಗಳೆರಡೂ ಜೋತುಬಿದ್ದಿದ್ದವು. ಅವಳ ದಿಂಬಿನ ಮೇಲೆ ತಲೆಯಿಟ್ಟು ನೋಡಿದರೆ ನನಗೂ ಯಾರೋ ನಿಂತ ಹಾಗೇ ಕಂಡಿತು.

ಲೈಟ್ ಹಾಕಿ, "ನೋಡು, ಏನೂ ಇಲ್ಲ, ಸುಮ್ನೆ ಮಲ್ಕೋ" ಎಂದೆ. ಒಂದು ವಾರ ದಿನಾ ಇದೇ ನಡೆಯಿತು. ಬೆಳಕಿದ್ದಾಗ ಅವಳೂ ಒಪ್ಪುತ್ತಿದ್ದಳು. ಆರಿಸಿದ ತಕ್ಷಣ ಅದು ಮತ್ತೆ ಬಂದು ನಿಲ್ಲುತ್ತಿತ್ತು. ಕತ್ತಲಲ್ಲಿ ಕಣ್ಣಿಗೆ ಬಣ್ಣ ಕಾಣುವುದಿಲ್ಲ, ಅಂಚುಗಳೆಲ್ಲ ಮಸುಕು. ಕಾಣದ್ದನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಈ ವಯಸ್ಸಿನಲ್ಲಿ ಕಂಡದ್ದು ಯಾವುದು, ಮನಸ್ಸು ಕಟ್ಟಿದ್ದು ಯಾವುದು ಅನ್ನುವ ಗೆರೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಅಂಥ ಮಗುವಿಗೆ "ಏನೂ ಇಲ್ಲ" ಅಂದರೆ, "ನಿನಗೆ ಕಂಡದ್ದು ಸುಳ್ಳು" ಅಂದ ಹಾಗೆ ಅಲ್ವಾ?

ಆಮೇಲೆ ಮನೆಗೆ ಬಂದದ್ದು ಎಡ್ ಎಂಬರ್ಲಿ ಅವರ ‘ಗೋ ಅವೇ, ಬಿಗ್ ಗ್ರೀನ್ ಮಾನ್‌ಸ್ಟರ್!’. 1992ರ ಮಕ್ಕಳ ಚಿತ್ರಪುಸ್ತಕ. ಹಾಳೆಗಳಲ್ಲೇ ತೂತುಗಳನ್ನು ಕತ್ತರಿಸಿದ್ದಾರೆ. ಮೊದಲು ಕಪ್ಪು ಹಾಳೆಯಲ್ಲಿ ಎರಡು ಹಳದಿ ಕಣ್ಣು ಮಾತ್ರ. ಹಾಳೆ ತಿರುವಿದಂತೆ ಮೂಗು, ಚೂಪು ಹಲ್ಲಿನ ಕೆಂಪು ಬಾಯಿ, ಕಿವಿ, ನೇರಳೆ ಕೂದಲು ಸೇರುತ್ತಾ ಹೋಗಿ ಒಂದು ದೊಡ್ಡ ಹಸಿರು ಮುಖ ಆಗುತ್ತದೆ. ಅಲ್ಲಿಂದ ಮುಂದೆ ಒಂದೊಂದನ್ನೇ "ಹೋಗು" ಎಂದು ಓಡಿಸುವುದು. ನಾನು ಅದನ್ನು ಹಸಿರು ಗುಮ್ಮ ಎಂದು ಕನ್ನಡದಲ್ಲೇ ಹೇಳುತ್ತಾ ಹೋದೆ.

ಮೊದಲ ರಾತ್ರಿ ಹಲ್ಲು ಬರುತ್ತಿದ್ದಂತೆ ಅವಳು ಪುಸ್ತಕ ಮುಚ್ಚಿಬಿಟ್ಟಳು. "ಸಾಕು" ಎಂದಳು. ಮುಂದೆ ಅದು ಹೋಗಿಬಿಡುತ್ತದೆ ಎಂದು ಹೇಳಲು ನಾಲಿಗೆ ತುದಿಯವರೆಗೂ ಬಂದಿತ್ತು, ತಡೆದುಕೊಂಡೆ. ಮುಚ್ಚುವುದೂ ಅವಳ ಕೈಯಲ್ಲೇ ಇರಲಿ ಅನ್ನಿಸಿತು. ಮೂರನೇ ರಾತ್ರಿ ತಾನೇ ತೆಗೆದಳು. ತೂತಿನೊಳಗೆ ಬೆರಳು ಹಾಕಿ ಹಲ್ಲನ್ನು ಮುಟ್ಟಿದಳು. ಹಾಳೆ ತಿರುವಿದಳು, ಹಿಂದಕ್ಕೆ ಬಂದಳು, ಮತ್ತೆ ತಿರುವಿದಳು. "ಹೋಗು. ಬಾ. ಹೋಗು." ಕೊನೆಗೆ ಗುಮ್ಮನಿಗೆ, ನಾನು ಹೇಳುವವರೆಗೂ ಬರಬೇಡ ಎಂದು ಹೇಳುವ ಮಾತಿದೆ. ಅದನ್ನು ಅವಳು ಎಷ್ಟು ಗಂಭೀರವಾಗಿ ಹೇಳಿದಳೆಂದರೆ ನನ್ನ ಕಣ್ಣು ತುಂಬಿಬಂತು.

ಮಾರಿಸ್ ಸೆಂಡಾಕ್ 1963ರಲ್ಲೇ ಇದನ್ನು ಬೇರೆ ದಾರಿಯಲ್ಲಿ ಮಾಡಿದ್ದರು. ಅವರ ಚಿತ್ರಪುಸ್ತಕ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ನಲ್ಲಿ ಒಬ್ಬ ಹುಡುಗ ಭಯಂಕರ ಮೃಗಗಳಿರುವ ಜಾಗಕ್ಕೆ ಹೋಗುತ್ತಾನೆ. ಸಣ್ಣ ಚಿತ್ರಗಳು ಬೆಳೆಯುತ್ತಾ ಬಿಳಿ ಜಾಗವನ್ನೆಲ್ಲ ನುಂಗುತ್ತವೆ. ನಡುವೆ ಒಂದಕ್ಷರವೂ ಇಲ್ಲದೆ ಬರೀ ಕುಣಿತ. ಹುಡುಗ ಆ ಮೃಗಗಳನ್ನು ಪಳಗಿಸುವುದು ಕಣ್ಣು ಮಿಟುಕಿಸದೆ ದಿಟ್ಟಿಸಿ ನೋಡಿ. ಕಾಪಾಡಲು ದೊಡ್ಡವರು ಯಾರೂ ಓಡಿ ಬರುವುದಿಲ್ಲ. ಕಡೆಯಲ್ಲಿ ದೀಪ ಹಾಕಿ "ಅದು ಬರೀ ಬಟ್ಟೆ ಕಣೋ" ಎಂದು ಮುಗಿಯುವ ಕಥೆಗಳನ್ನೂ ಮಗಳಿಗೆ ಓದಿದ್ದೇನೆ. ಅವುಗಳನ್ನು ಅವಳು ಎರಡನೇ ಸಲ ಕೇಳಲಿಲ್ಲ. ನನ್ನ "ಏನೂ ಇಲ್ಲ"ವನ್ನೇ ಅವೂ ಹೇಳುತ್ತಿದ್ದವು.

ಒಂದು ಭಾನುವಾರ ನಾಲ್ಕು ಹಾಳೆ ಮಡಚಿ, ನಡುವೆ ಪಿನ್ ಹೊಡೆದು ಅವಳ ಮುಂದಿಟ್ಟೆ. "ಜರ್ಕಿನ್ನಿಗೆ ಮುಖ ಹೇಗಿರುತ್ತೆ?" ಎಂದು ಕೇಳಿದೆ. ತುಂಬಾ ಹೊತ್ತು ಕ್ರೇಯಾನ್ ಕಚ್ಚುತ್ತಾ ಕೂತಿದ್ದಳು. ಮೊದಲು ಟೋಪಿ ಬರೆದಳು. ಅದರೊಳಗೆ ಒಂದು ಕಣ್ಣು ದೊಡ್ಡದು, ಒಂದು ಚಿಕ್ಕದು. ಮೂಗಿನಿಂದ ಕೆಳಗೆ ಉದ್ದಕ್ಕೆ ಎರಡು ನೀಲಿ ಗೆರೆ ಎಳೆದಳು.

"ಇದೇನು?"

"ನೆಗಡಿ. ರಾತ್ರಿಯೆಲ್ಲ ನಿಂತೇ ಇರುತ್ತಲ್ವಾ."

ಉಳಿದ ಹಾಳೆಗಳಲ್ಲಿ ಅದು ಸೀನುತ್ತದೆ, ಅಳುತ್ತದೆ, ಕೂತುಕೊಳ್ಳಲು ಜಾಗ ಹುಡುಕುತ್ತದೆ. ಕೊನೆಯ ಹಾಳೆ ಇನ್ನೂ ಖಾಲಿ ಇದೆ. ಯೋಚನೆ ಮಾಡ್ತಿದೀನಿ ಅನ್ನುತ್ತಾಳೆ.

ಜರ್ಕಿನ್ ತೆಗೆದು ಬೀರುವಿನಲ್ಲಿಡಲಾ ಎಂದು ಮೊನ್ನೆ ರಾತ್ರಿ ಕೇಳಿದೆ. ಬೇಡ ಎಂದಳು. ಲೈಟ್ ಆರಿಸಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ನಿದ್ದೆ ಬಂತೇನೋ ಅಂದುಕೊಂಡೆ.

"ಅಮ್ಮ, ಅದರ ಜಿಪ್ ಹಾಕು. ಚಳಿ ಆಗುತ್ತೆ."

ಎದ್ದು ಹೋಗಿ ಕತ್ತಲಲ್ಲೇ ತಡಕಾಡಿ ಕುತ್ತಿಗೆವರೆಗೂ ಜಿಪ್ ಎಳೆದು ಬಂದೆ.