ಅದು ಲ್ಯಾನ್ ಕೇಬಲ್ ಅಲ್ಲ ಅಣ್ಣಾ

ನವೆಂಬರ್ ಬಂತೆಂದರೆ ನಾವು ಸೌಂಡ್‌ನವರು ಮನೆ ಸೇರುವುದು ಕಮ್ಮಿ. ರಾಜ್ಯೋತ್ಸವ 1ನೇ ತಾರೀಖಿಗೆ ಮುಗಿಯುವುದಿಲ್ಲ. ತಿಂಗಳು ಪೂರ್ತಿ ಒಂದೊಂದು ಬಡಾವಣೆ, ಒಂದೊಂದು ಆಟೋ ಸ್ಟ್ಯಾಂಡು, ಒಂದೊಂದು ಸಂಘ ತಮಗೆ ಅನುಕೂಲವಾದ ದಿನ ಇಟ್ಟುಕೊಳ್ಳುತ್ತವೆ. ಬೆಳಿಗ್ಗೆ ಬಾವುಟ, ಸಂಜೆ ರಸಮಂಜರಿ. ಹದಿನಾಲ್ಕು ದಿನದಲ್ಲಿ ಒಂಬತ್ತು ಶೋ ಮಾಡಿದ ವರ್ಷ ಅದು. ನಾನು ಇಲ್ಲಿ ಬರೆಯುತ್ತಿರುವುದು ಅದರಲ್ಲಿ ಏಳನೆಯದು.

ಹಾಸನದ ಕಡೆ ಒಂದು ತಾಲ್ಲೂಕು ಮೈದಾನ. ಪಾಂಪ್ಲೆಟ್‌ನಲ್ಲಿ 6.30 ಅಂತ ಹಾಕಿದ್ದರು. ನಮ್ಮ ಲಾರಿ ಒಳಗೆ ಬಂದಾಗ ಮಧ್ಯಾಹ್ನ 3.15. ಓನರ್ ಅದೇ ದಿನ ಇನ್ನೊಂದು ಶೋ ಒಪ್ಪಿಕೊಂಡಿದ್ದರು. ಇರುವುದು ಒಂದೇ ಕೇಬಲ್ ಟ್ರಂಕು, ಅದು ದೊಡ್ಡ ಶೋಗೆ ಹೋಯಿತು. ನಮಗೆ ಬಂದದ್ದು ಸ್ಟೇಜಿನಿಂದ ಮಿಕ್ಸರ್‌ವರೆಗೆ ಎಳೆಯುವ ಸ್ನೇಕ್ ಕೇಬಲ್ ಸುತ್ತಿದ ಡ್ರಮ್ಮು, ಒಂದು ಗೋಣಿಚೀಲದಲ್ಲಿ ಎಕ್ಸ್‌ಎಲ್‌ಆರ್ ಮೈಕ್ ಕೇಬಲ್‌ಗಳು, ಮತ್ತೆ ನಾನೇ ತಲೆ ಕ್ರಿಂಪ್ ಮಾಡಿಟ್ಟಿದ್ದ ಕಪ್ಪು ಕ್ಯಾಟ್ (ಲ್ಯಾನ್) ಕೇಬಲ್‌ಗಳು. ಸಿಸಿಟಿವಿ ಹಾಕುವ ಹುಡುಗರ ಹತ್ತಿರ ಉಳಿದಿದ್ದ ರೋಲಿನಿಂದ ಕತ್ತರಿಸಿದ್ದು. ಕಲಾವಿದರು ತಮ್ಮ ಇಯರ್‌ಫೋನಿಗೆ ಬೇಕಾದ ಸದ್ದು ಹೊಂದಿಸಿಕೊಳ್ಳುವ ಪುಟ್ಟ ಮಿಕ್ಸರ್ ಪಿ16, ಅದರ ಸ್ಟ್ಯಾಂಡಿನ ಕ್ಲ್ಯಾಂಪ್‌ಗಳು ಕೂಡ ಆ ಟ್ರಂಕಿನಲ್ಲೇ ಹೋಗಿದ್ದವು. ಹಾಗಾಗಿ ಕಲಾವಿದರ ಮಾನಿಟರ್ ಮಿಕ್ಸರ್‌ಗಳನ್ನೆಲ್ಲ ನೆಲದ ಮೇಲೇ ಇಟ್ಟೆ. ಉದ್ದದ ಕೇಬಲ್ ಇಲ್ಲದ್ದರಿಂದ ಗಿಟಾರಿನವನ ಪಿ16ನಿಂದ ರಿದಂ ಪ್ಯಾಡ್‌ನವರಿಗೆ, ಅಲ್ಲಿಂದ ಕೀಬೋರ್ಡ್‌ಗೆ ಸರಪಳಿ ಹಾಕಿ, ಮುಂದಿನ ಎರಡಕ್ಕೆ ಅಡಾಪ್ಟರ್ ಕೊಟ್ಟೆ.

ಗಿಟಾರಿನ ಹುಡುಗನಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಜೇಮ್ಸ್ ಟೈಲರ್ ವೇರಿಯಾಕ್ಸ್ ಗಿಟಾರು, ಕಾಲಡಿಗೆ ಹೆಲಿಕ್ಸ್ ಅನ್ನುವ ಎಫೆಕ್ಟ್ ಪೆಡಲ್ ಬೋರ್ಡು. ಎರಡನ್ನೂ ಸೆಕೆಂಡ್ ಹ್ಯಾಂಡ್ ತಗೊಂಡಿದ್ದನಂತೆ, ಕಂತು ಇನ್ನೂ ಕಟ್ಟುತ್ತಿದ್ದ. ರಸಮಂಜರಿಯಲ್ಲಿ ನುಡಿಸುವವನಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ಒಂದು ರಾತ್ರಿಗೆ 30 ಹಾಡು, ಪ್ರತಿ ಗಾಯಕರ ಶ್ರುತಿ ಬೇರೆ. ಒಂದು ಹಾಡಿಗೆ ಅಕೌಸ್ಟಿಕ್ ಬೇಕು, ಮುಂದಿನದಕ್ಕೆ ಡಿಸ್ಟಾರ್ಷನ್ ಲೀಡ್, ಅದರ ಮುಂದಿನದಕ್ಕೆ ಎಲೆಕ್ಟ್ರಿಕ್ ಸಿತಾರ್ ಥರದ ಬಿಟ್. ನಾಲ್ಕು ಗಿಟಾರು ಹೊತ್ತು ಬಸ್ಸಿನಲ್ಲಿ ಬರಲಿಕ್ಕಾಗುತ್ತದೆಯೇ? ವೇರಿಯಾಕ್ಸ್‌ನ ಬ್ರಿಡ್ಜ್‌ನಲ್ಲಿ ಆರು ತಂತಿಗೂ ಬೇರೆ ಬೇರೆ, ನಾದ ಹಿಡಿಯುವ ಪಿಯೆಜೊ ಪಿಕಪ್ ಇವೆ. ಒಂದೊಂದು ತಂತಿಯ ನಾದವೂ ಒಳಗಿನ ಪ್ರೊಸೆಸರ್‌ಗೆ ಪ್ರತ್ಯೇಕವಾಗಿ ಸಿಗುವುದರಿಂದ ಅದು ಹನ್ನೆರಡು ತಂತಿಯ ಗಿಟಾರೂ ಆಗುತ್ತದೆ, ಬ್ಯಾಂಜೋನೂ ಆಗುತ್ತದೆ. ಬಿರಡೆ ತಿರುಗಿಸದೆಯೇ ಶ್ರುತಿಯನ್ನು ಅರ್ಧ ಸ್ವರ ಇಳಿಸಬಹುದು. ಹೆಲಿಕ್ಸ್ ಜೊತೆ ಸೇರಿಸಿದರೆ ಕಾಲಲ್ಲಿ ಒಂದು ಸ್ವಿಚ್ ಒತ್ತಿದರೆ ಸಾಕು, ಗಿಟಾರೂ ಬದಲಾಗುತ್ತದೆ, ಶ್ರುತಿಯೂ ಬದಲಾಗುತ್ತದೆ, ಎಫೆಕ್ಟೂ ಬದಲಾಗುತ್ತದೆ.

ಇದೆಲ್ಲ ನಡೆಯುವುದು ಒಂದೇ ಕೇಬಲ್‌ನಲ್ಲಿ. ವಿಡಿಐ ಅನ್ನುತ್ತಾರೆ. ಗಿಟಾರಿನಿಂದ ಡಿಜಿಟಲ್ ಆಡಿಯೋ ಬರುತ್ತದೆ, ಹೆಲಿಕ್ಸ್‌ನಿಂದ ಗಿಟಾರಿಗೆ ಆದೇಶವೂ ಹೋಗುತ್ತದೆ, ಕರೆಂಟೂ ಹೋಗುತ್ತದೆ. ಅದರ ತಲೆ ಮಾತ್ರ ಲ್ಯಾನ್ ಕೇಬಲ್ಲಿನಲ್ಲಿ ನಾವು ದಿನಾ ನೋಡುವ ಆರ್‌ಜೆ45.

ಕೇಸ್ ಇಳಿಸುವಾಗ ನಮ್ಮ ಹೆಲ್ಪರ್ ಸಬ್ ಸ್ಪೀಕರಿನ ಟ್ರಾಲಿಯನ್ನು ಆ ಕೇಬಲ್ ಮೇಲೆ ಹತ್ತಿಸಿಬಿಟ್ಟ. ಒಂದು ತುದಿಯ ಲೋಹದ ಕವಚ ಚಪ್ಪಟೆಯಾಯಿತು. ಹುಡುಗ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಂದ.

"ಅಣ್ಣಾ, ಇದು ಕೂತ್ಕೋತಿಲ್ಲ."

"ಲ್ಯಾನ್ ಕೇಬಲ್ ತಾನೆ? ನನ್ನ ಹತ್ರ ರಾಶಿ ಇದೆ, ಕೊಡ್ತೀನಿ ಇರು."

"ಅದು ಲ್ಯಾನ್ ಕೇಬಲ್ ಅಲ್ಲ ಅಣ್ಣಾ..."

"ಏನಪ್ಪಾ, ಎಂಟು ಪಿನ್ನು, ನೇರ ಕನೆಕ್ಷನ್ನು. ಹದಿನಾಲ್ಕು ವರ್ಷದಿಂದ ಇದನ್ನೇ ಮಾಡ್ತಿದೀನಿ."

ಅವನು ಸುಮ್ಮನಾದ. ವಯಸ್ಸಿನಲ್ಲಿ ದೊಡ್ಡವನು ಹೀಗೆ ಹೇಳಿದರೆ ಚಿಕ್ಕವನು ಏನು ಮಾತಾಡುತ್ತಾನೆ? ಆ ಮಾತು ಹಾಗೆ ಹೇಳಬಾರದಿತ್ತು.

ಆಮೇಲೆ ಅವನು ಇನ್ನೊಂದು ಕೇಳಿದ. ಗಿಟಾರಿನ ಬ್ಯಾಟರಿ ಖಾಲಿ, ಚಾರ್ಜರ್‌ಗೆ ಹಾಕಲು ಒಂದು ಪಾಯಿಂಟ್ ಬೇಕು ಅಂತ. ಎಲ್‌ಇಡಿ ವಾಲ್‌ನವರು ಆಗಲೇ ನನ್ನ ಎರಡು ಬೋರ್ಡ್ ಎತ್ತಿಕೊಂಡು ಹೋಗಿದ್ದರು. "ಕೇಬಲ್‌ನಲ್ಲೇ ಪವರ್ ಬರುತ್ತೆ ಅಂತೀಯ, ಬ್ಯಾಟರಿ ಯಾತಕ್ಕೆ?" ಅಂದೆ. ಅದಕ್ಕೂ ಸುಮ್ಮನಾದ.

ಶೋಗೆ ಮುಂಚೆ ಒಂದೊಂದೇ ವಾದ್ಯದ ಸದ್ದು ನೋಡುವ ಲೈನ್ ಚೆಕ್‌ನಲ್ಲಿ ಗಿಟಾರು ಅಚ್ಚುಕಟ್ಟಾಗಿ ಬಂತು. ನನ್ನ ಕೇಬಲ್ಲೇ. ಕೊಡುವ ಮುಂಚೆ ಟೆಸ್ಟರ್‌ಗೆ ಹಾಕಿದ್ದೆ, ಎಂಟೂ ದೀಪ ಸಾಲಾಗಿ ಹೊತ್ತಿದ್ದವು. ನಾನು ಹೇಳಿದ್ದು ಅರ್ಧ ನಿಜವೇ ಆಗಿತ್ತು: ನೇರ ಕನೆಕ್ಷನ್ ಇರುವ ಸಾಧಾರಣ ಕ್ಯಾಟ್5 ಕೇಬಲ್‌ನಲ್ಲೂ ಆ ಗಿಟಾರು ಕೆಲಸ ಮಾಡುತ್ತದೆ. ಆ ಅರ್ಧ ನಿಜ ಹಿಡಿದುಕೊಂಡೇ ನಾನು ಕೆಟ್ಟೆ. ಲೈನ್ ಚೆಕ್ ಹೊತ್ತಿಗೆ ಅವನು ಮಾನಿಟರ್ ಬಾಕ್ಸ್ ಮೇಲೆ ಕೂತು ನುಡಿಸಿದ್ದ. ಶೋನಲ್ಲಿ ಯಾರು ಕೂತು ನುಡಿಸುತ್ತಾರೆ?

ನಾಲ್ಕನೇ ಹಾಡಿನಲ್ಲಿ ಅವನು ಪ್ಯಾಡ್‌ನವರ ಕಡೆ ತಿರುಗಿದ. ಪಟ್ ಅಂತ ಒಂದು ಸದ್ದು, ಗಿಟಾರು ಮಾಯ. ಕೆಲವು ಸೆಕೆಂಡು ಬಿಟ್ಟು ತಾನೇ ವಾಪಸ್ ಬಂತು. ಜನರ ಕಡೆ ಮುಖ್ಯ ಮಿಕ್ಸರ್ ಇರುವ ಎಫ್‌ಒಎಚ್‌ನಿಂದ ಟಾಕ್‌ಬ್ಯಾಕ್ ಮೈಕಿನಲ್ಲಿ ಮಾತು ಬಂತು: "ಗುರು, ಚಾನೆಲ್ 9 ನೋಡು." ನನ್ನ ತಲೆಗೆ ಮೊದಲು ಬಂದದ್ದು ಹೆಲಿಕ್ಸ್‌ನ ಎಕ್ಸ್‌ಎಲ್‌ಆರ್. ಗೋಣಿಚೀಲದ ಕೇಬಲ್ ತಾನೆ, ಪಿನ್ ಸಡಿಲವಾಗಿರಬೇಕು ಅಂದುಕೊಂಡೆ. ಹಾಡು ಮುಗಿಯುತ್ತಿದ್ದಂತೆ ಓಡಿ ಹೋಗಿ ಅದನ್ನು ಬದಲಿಸಿ, 9ರಿಂದ 14ಕ್ಕೆ ಹಾಕಿ ಬಂದೆ. ನಾನು ಒಂದು ಕ್ಷಣ ನಿಂತು ಯೋಚಿಸಿದ್ದರೆ ತಿಳಿಯುತ್ತಿತ್ತು. ಎಕ್ಸ್‌ಎಲ್‌ಆರ್ ಸಡಿಲವಾದರೆ ಸದ್ದು ಕರಕರ ಅಂತ ಬಂದು ಹೋಗುತ್ತದೆ. ಇದು ಹೋದರೆ ಪೂರ್ತಿ ಹೋಗುತ್ತಿತ್ತು, ಆಮೇಲೆ ಎಣಿಸಿಕೊಂಡು ಬರುತ್ತಿತ್ತು. ಕರೆಂಟು ಕಟ್ಟಾಗಿ ಗಿಟಾರು ಮತ್ತೆ ಬೂಟ್ ಆಗುತ್ತಿದ್ದ ಲಕ್ಷಣ ಅದು. ಕಣ್ಣೆದುರಿಗೇ ಇತ್ತು.

ಐದನೇ ಹಾಡು ಗಾಯಕಿಯ ಸೋಲೋ. ಇಂಟ್ರೋ ಪೂರ್ತಿ ಅಕೌಸ್ಟಿಕ್ ಗಿಟಾರು, ಬೇರೆ ವಾದ್ಯ ಇಲ್ಲ. ಆಕೆ ಮೈಕ್ ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು. ಎರಡು ಬಾರ್ ಬಂತು, ಪಟ್, ನಿಶ್ಶಬ್ದ. ಮೈದಾನದಲ್ಲಿ ಹಿಂದಿನಿಂದ ಸಿಳ್ಳೆ ಶುರುವಾಯಿತು. ಆಕೆ ಕಣ್ಣು ತೆರೆದು ಹುಡುಗನ ಕಡೆ ನೋಡಿದರು. ಅವನು ನನ್ನ ಕಡೆ ನೋಡಿದ. ಪ್ಯಾಡ್‌ನವರು ಅನುಭವಸ್ಥರು, ಮೆಲ್ಲಗೆ ತಾಳ ಹಿಡಿದರು, ಕೀಬೋರ್ಡ್‌ನವರು ಅದೇ ಇಂಟ್ರೋ ಎತ್ತಿಕೊಂಡರು. ಹಾಡು ಹೇಗೋ ದಡ ಸೇರುವಂತೆ ಕಂಡಿತು.

ಆಗ ನಾನು ಸ್ಟೇಜಿನ ಹಿಂದಿನಿಂದ ಬಗ್ಗಿಕೊಂಡು ಹೋದೆ. ಅಲ್ಲಿ ಕತ್ತಲು. ಹೆಲಿಕ್ಸ್ ಪಕ್ಕದಲ್ಲೇ ನೆಲದ ಮೇಲೆ ಪಿ16. ಎರಡಕ್ಕೂ ನನ್ನದೇ ಕಪ್ಪು ಕೇಬಲ್, ಒಂದೇ ರೋಲಿನದು, ಒಂದೇ ತಲೆ, ಒಂದರ ಮೇಲೂ ಟೇಪಿಲ್ಲ. ಕೈಗೆ ಸಿಕ್ಕಿದ್ದರ ಕ್ಲಿಪ್ ಒತ್ತಿ ಎಳೆದೆ. ಎಳೆದದ್ದು ಪಿ16ನದು.

ಅದು ಸರಪಳಿಯ ಮೊದಲ ಕೊಂಡಿ. ಒಂದೇ ಏಟಿಗೆ ಗಿಟಾರು, ಪ್ಯಾಡು, ಕೀಬೋರ್ಡು ಮೂವರ ಕಿವಿಯೂ ಸತ್ತಿತು. ಪ್ಯಾಡ್‌ನವರು ಇಯರ್‌ಫೋನ್ ಕಿತ್ತು ತಲೆ ಎತ್ತಿದ್ದು ನನಗೆ ಕಂಡಿತು. ಜನರ ಕಡೆ ತಿರುಗಿಸಿದ ಪಿಎ ಸ್ಪೀಕರುಗಳ ಸದ್ದು ಸ್ಟೇಜಿಗೆ ತಡವಾಗಿ, ಗೋಡೆಗೆ ಬಡಿದು ಬರುತ್ತದೆ. ಅದನ್ನು ಕೇಳಿ ನುಡಿಸಿದರೆ ತಾಳ ಜಾರುತ್ತದೆ. ಜಾರಿತು. ಗಾಯಕಿ ಒಂದು ಕಡೆ, ತಾಳ ಒಂದು ಕಡೆ. ಅಷ್ಟರಲ್ಲಿ ಹುಡುಗ ತಾನೇ ಬಗ್ಗಿ ವಿಡಿಐ ಕೇಬಲನ್ನು ಸರಿಯಾಗಿ ಕೂರಿಸಲೆಂದು ಹೆಲಿಕ್ಸ್‌ನಿಂದ ಕಿತ್ತಿದ್ದ. ನನ್ನ ಕೈಯಲ್ಲಿ ಒಂದು ಪ್ಲಗ್ಗು, ಎದುರಿಗೆ ಖಾಲಿ ಆರ್‌ಜೆ45 ಕಿಂಡಿ. ನಾನು ಯೋಚಿಸಲೇ ಇಲ್ಲ. ತುರುಕಲು ಹೋದೆ.

ಹುಡುಗ ನನ್ನ ಮಣಿಕಟ್ಟು ಹಿಡಿದುಕೊಂಡ. ಗಟ್ಟಿಯಾಗಿಯೇ ಹಿಡಿದ.

"ಅಣ್ಣಾ ಬೇಡ! ಅದ್ರಲ್ಲೂ ಕರೆಂಟಿದೆ, ಇದ್ರಲ್ಲೂ ಕರೆಂಟಿದೆ!"

ನನ್ನ ಕೈಯಲ್ಲಿದ್ದದ್ದು ಪಿ16ಕ್ಕೆ ಡಿಸ್ಟ್ರಿಬ್ಯೂಟರ್‌ನಿಂದ ಪವರ್ ತರುವ ಕೇಬಲ್. ಆ ಕಿಂಡಿ ಗಿಟಾರಿಗೆ ಪವರ್ ಕಳಿಸುವ ಕಿಂಡಿ. ಎರಡನ್ನೂ ಎದುರುಬದುರು ಸೇರಿಸಿದ್ದರೆ ಏನು ಸುಡುತ್ತಿತ್ತೋ. ಸುಟ್ಟಿದ್ದರೆ ಅವನು ಇನ್ನೂ ಕಂತು ಮುಗಿಸದ ವಸ್ತು ಸುಡುತ್ತಿತ್ತು. ಇದನ್ನು ಬರೆಯುವಾಗಲೂ ಆ ಹಿಡಿತ ನನ್ನ ಕೈಗೆ ನೆನಪಾಗುತ್ತದೆ.

ಅಲ್ಲಿಂದ ಮುಂದೆ ಶೋ ಉಳಿಸಿದವನು ಅವನೇ. ನಾನು ಪಿ16 ಕೇಬಲನ್ನು ಅದರ ಜಾಗಕ್ಕೆ ಹಾಕುವಷ್ಟರಲ್ಲಿ ಅವನು ಬ್ಯಾಗಿನಿಂದ ಸಾಧಾರಣ ಗಿಟಾರ್ ಕೇಬಲ್ ತೆಗೆದು, ಗಿಟಾರಿನ ಮಾಮೂಲಿ ಜಾಕ್‌ನಿಂದ ಹೆಲಿಕ್ಸ್‌ನ ಗಿಟಾರ್ ಇನ್‌ಗೆ ಹಾಕಿದ. ಆ ಗಿಟಾರಿನ ಮ್ಯಾಗ್ನೆಟಿಕ್ ಪಿಕಪ್‌ಗಳು ಬ್ಯಾಟರಿ ಇಲ್ಲದೆಯೂ ನಡೆಯುತ್ತವೆ. ಆದರೆ ಹೆಲಿಕ್ಸ್‌ನಲ್ಲಿ ಅವನು ಮೊದಲೇ ಹೊಂದಿಸಿಟ್ಟಿದ್ದ ಪ್ರೀಸೆಟ್‌ಗಳೆಲ್ಲ ಇನ್‌ಪುಟ್ ಬ್ಲಾಕ್‌ನಲ್ಲಿ ವೇರಿಯಾಕ್ಸ್ ಅಂತ ಇಟ್ಟವು, ಮಾಮೂಲಿ ಜಾಕ್‌ನ ಸದ್ದು ಅದರೊಳಗೆ ಹೋಗುವುದೇ ಇಲ್ಲ. ಬಗ್ಗಿ ಕೂತು ಒಂದು ಕ್ಲೀನ್ ಪ್ರೀಸೆಟ್‌ನ ಇನ್‌ಪುಟ್ಟನ್ನು ಗಿಟಾರ್‌ಗೆ ಬದಲಿಸಿ, ಸೇವ್ ಮಾಡಿ ಎದ್ದ. ಮ್ಯಾಗ್ನೆಟಿಕ್‌ಗೆ ಬಂದ ಮೇಲೆ ಅಕೌಸ್ಟಿಕ್ಕೂ ಇಲ್ಲ, ಶ್ರುತಿ ಬದಲಿಸುವ ಸೌಲಭ್ಯವೂ ಇಲ್ಲ. ಜೇಬಿನಿಂದ ತಂತಿಗಳನ್ನು ಒತ್ತಿ ಹಿಡಿಯುವ ನಿಜವಾದ ಕೇಪೊ ಕ್ಲಿಪ್ಪು ತೆಗೆದು ಹಾಕಿಕೊಂಡ. ಕೇಪೊ ಶ್ರುತಿ ಏರಿಸುತ್ತದೆ, ಇಳಿಸುವುದಿಲ್ಲ. ಇಳಿಸಬೇಕಾದ ಹಾಡುಗಳಿಗೆ ಸ್ಕೇಲನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ ಕೈ ಬದಲಿಸಿ ನುಡಿಸಿದ. ಎಂಟು ಹಾಡು ಹಾಗೆ.

ನಡುವೆ ಸನ್ಮಾನ ಬಂತು. ಶಾಲು, ಹಾರ, ಭಾಷಣ ಎಲ್ಲ ಸೇರಿ ಮುಕ್ಕಾಲು ಗಂಟೆ. ಬೇರೆ ದಿನ ಆ ಮುಕ್ಕಾಲು ಗಂಟೆಗೆ ಬೇಜಾರು ಮಾಡಿಕೊಳ್ಳುತ್ತಿದ್ದೆ, ಅವತ್ತು ಇನ್ನೂ ಇಬ್ಬರು ಮಾತಾಡಲಿ ಅಂತ ಆಸೆಪಟ್ಟೆ. ನನ್ನ ವೈರ್‌ಲೆಸ್ ರ್ಯಾಕ್‌ನ ಬೋರ್ಡಿನಿಂದ ಒಂದು ಪಾಯಿಂಟ್ ಎಳೆದು ಅವನ ಬ್ಯಾಟರಿ ಚಾರ್ಜ್‌ಗೆ ಹಾಕಿದೆ. ಕೊನೆಯ ಹಾಡುಗಳಿಗೆ ಬ್ಯಾಟರಿ ಒಳಗೆ ಹೋಯಿತು, ಮಾಮೂಲಿ ಕೇಬಲ್‌ನಲ್ಲೇ ಅಕೌಸ್ಟಿಕ್ ಸದ್ದು ವಾಪಸ್ ಬಂತು. ಕಾಲಲ್ಲಿ ಒತ್ತಿದರೆ ಬದಲಾಗುತ್ತಿದ್ದ ಮಾಡೆಲ್ಲು, ಶ್ರುತಿ ಎರಡನ್ನೂ ಗಿಟಾರಿನ ನಾಬ್‌ಗಳಲ್ಲಿ ಕೈಯಿಂದಲೇ ತಿರುಗಿಸಿಕೊಂಡ. ಗಾಯಕಿ ಐದನೇ ಹಾಡನ್ನೇ ಮತ್ತೆ ಕೇಳಿ ಹಾಡಿದರು.

ರಾತ್ರಿ ಲೋಡಿಂಗ್ ಆದ ಮೇಲೆ ಆ ಕೇಬಲನ್ನು ಬ್ಲೇಡಿನಲ್ಲಿ ಸೀಳಿದೆ. ಒಳಗೆ ಒಂಟಿ ತಂತಿ, ಎಳೆಎಳೆ ಅಲ್ಲ. ಕೆರೆದರೆ ತಾಮ್ರದ ಬಣ್ಣ ಹೋಗಿ ಬೆಳ್ಳಗಿನ ಅಲ್ಯೂಮಿನಿಯಂ. ಗೋಡೆಯೊಳಗೆ ಅಲ್ಲಾಡದೆ ಮಲಗಬೇಕಾದ ತಂತಿಯನ್ನು ಕುಣಿಯುವ ಮನುಷ್ಯನ ಸೊಂಟಕ್ಕೆ ಕಟ್ಟಿದ್ದೆ. ಗಿಟಾರಿನ ತುದಿಯಲ್ಲಿ ಒಂದು ತಂತಿ ಮುರಿದು ಬರೀ ಸಿಪ್ಪೆಯ ಆಸರೆಯಲ್ಲಿ ನಿಂತಿತ್ತು. ಪ್ಲಾಸ್ಟಿಕ್ ಕ್ಲಿಪ್ಪಿಗೆ ಆ ಲೋಹದ ಕವಚದ ಬಿಗಿಯೂ ಇರಲಿಲ್ಲ. ಟೆಸ್ಟರ್ ಎಂಟು ದೀಪ ಹೊತ್ತಿಸಿತ್ತು, ನಿಜ. ಟೆಸ್ಟರ್ ಕೇಬಲನ್ನು ಬಗ್ಗಿಸಿ ನೋಡುವುದಿಲ್ಲ, ನಾನೂ ನೋಡಿರಲಿಲ್ಲ.

1995ರಲ್ಲಿ ರೋಲ್ಯಾಂಡ್ ತಂದ ವಿಜಿ-8ರಂಥ ಗಿಟಾರ್ ಸಿಸ್ಟಮ್‌ಗಳಿಗೆ 13 ಪಿನ್ನಿನ ದಪ್ಪ ಕೇಬಲ್ ಇತ್ತು. ಅದನ್ನು ಕಂಡರೆ ಯಾರೇ ಆಗಲಿ ಮುಟ್ಟುವ ಮುಂಚೆ ಕೇಳುತ್ತಾರೆ. ಆರ್‌ಜೆ45 ಕಂಡರೆ ಯಾರೂ ಕೇಳುವುದಿಲ್ಲ. ನಮ್ಮ ಸ್ಟೇಜಿನಲ್ಲಿ ಈಗ ಸ್ನೇಕು, ಮಾನಿಟರು, ಲೈಟಿನವರ ಕಂಟ್ರೋಲ್ ಡಬ್ಬಿ, ಗಿಟಾರು, ಎಲ್ಲದಕ್ಕೂ ಅದೇ ತಲೆ. ಹಾಗಾಗಿ ಯಾವ ಕೇಬಲ್ ಎಲ್ಲಿಗೆ ಅಂತ ಬರೆದಿಡುವ ನನ್ನ ಪ್ಯಾಚ್ ಲಿಸ್ಟ್‌ನಲ್ಲಿ ಒಂದು ಕಾಲಂ ಹೆಚ್ಚಾಗಿದೆ: ಯಾವ ಆರ್‌ಜೆಯಲ್ಲಿ ಏನು ಹರಿಯುತ್ತದೆ, ಕರೆಂಟಿದೆಯೋ ಇಲ್ಲವೋ. ಸ್ನೇಕ್‌ಗೆ ಹಳದಿ ಟೇಪು, ಪಿ16ಕ್ಕೆ ನೀಲಿ, ಗಿಟಾರಿಗೆ ಕೆಂಪು, ಎರಡೂ ತುದಿಗೆ. ಎಳೆಎಳೆ ತಾಮ್ರದ, ಎರಡೂ ಕಡೆ ಲೋಹದ ಕವಚ ಇರುವ ಎರಡು ಕೇಬಲ್ ಬೇಕು ಅಂತ ಓನರ್ ಹತ್ತಿರ ನಾಲ್ಕು ಸಲ ಕೇಳಿದೆ. "ಒಂದು ಲ್ಯಾನ್ ಕೇಬಲ್‌ಗೆ ಇಷ್ಟು ದುಡ್ಡಾ?" ಅಂತಲೇ ಉತ್ತರ. ಕೊನೆಗೆ ನನ್ನ ಬಾಟಾದಲ್ಲಿ (ದಿನಭತ್ಯೆಯಲ್ಲಿ) ತಗೊಂಡೆ. ಶೋಗೆ ಲಕ್ಷ ಲಕ್ಷ ಮಾತಾಡುವವರು ಕೇಬಲ್ ವಿಷಯದಲ್ಲಿ ಹೀಗೆ ಕೈ ಬಿಗಿ ಹಿಡಿಯುವುದು ಸರಿಯಲ್ಲ, ಅವರ ಮುಂದೆಯೂ ಹೇಳಿದ್ದೇನೆ.

ಹುಡುಗನ ಹತ್ತಿರ ಅವತ್ತೇ ಕ್ಷಮೆ ಕೇಳಿದೆ, ಚಪ್ಪಟೆಯಾದ ಕೇಬಲ್ಲಿನ ದುಡ್ಡು ಕೊಡಲು ಹೋದೆ. "ಪರವಾಗಿಲ್ಲ ಬಿಡಣ್ಣ" ಅಂದ, ದುಡ್ಡು ಮುಟ್ಟಲಿಲ್ಲ.

ಹೋದ ತಿಂಗಳು ಒಂದು ಜಾತ್ರೆಯ ಶೋಗೆ ಬಂದ ಕಲಾವಿದರ ಪಟ್ಟಿಯಲ್ಲಿ ಮತ್ತೆ ಅವನ ಹೆಸರಿತ್ತು. ಹಿಂದಿನ ದಿನವೇ ಫೋನ್ ಮಾಡಿ, ಕೆಂಪು ಟೇಪಿನ ಕೇಬಲ್ ಎರಡು ಇಟ್ಟಿದ್ದೇನೆ, ಇನ್ನೇನು ಬೇಕು ಹೇಳು ಅಂದೆ.

"ಒಂದು ಪ್ಲಗ್ ಪಾಯಿಂಟ್ ಅಣ್ಣಾ," ಅಂದ.

ಮಾರನೇ ದಿನ ಲಾರಿಯಿಂದ ಮೊದಲು ಇಳಿಸಿದ್ದು ಪವರ್ ಬೋರ್ಡು. ಅದರ ಒಂದನೇ ಸಾಕೆಟ್ ಮೇಲೆ ಅವನ ಹೆಸರು ಬರೆದ ಟೇಪ್ ಅಂಟಿಸಿ, ಎಲ್‌ಇಡಿಯವರಿಗೆ ತೋರಿಸಿ ಬಂದೆ.